ಮೂಗಿನ ಬುಡದ ಸಂದು: ಕೊಯಾಲಿಯಿಂದ ಹದಿಮೂರು ಮಾಸ್ಕ್ ಸೂತ್ರಗಳು

ವಡೋದರಾದಿಂದ ಛಾಣಿ ದಾಟಿ ಬಾಜವಾ ಕಡೆಗೆ ಹೊರಟರೆ ಊರಿಗಿಂತ ಮೊದಲು ವಾಸನೆ ಎದುರುಗೊಳ್ಳುತ್ತದೆ. ರಸಗೊಬ್ಬರದ ಘಾಟು ಒಂದಿಷ್ಟು, ಗಾಳಿ ತಿರುಗಿದರೆ ನಂದೇಸರಿಯ ಕೆಮಿಕಲ್ ಕಾರ್ಖಾನೆಗಳದ್ದು ಇನ್ನೊಂದಿಷ್ಟು. ಆಮೇಲೆ ಕಾಣುವುದು ಫ್ಲೇರ್ ಕಂಬದ ತುದಿಯ ಬೆಂಕಿ. ಅದು ಕೊಯಾಲಿ. ಸೋವಿಯತ್ ನೆರವಿನಲ್ಲಿ ಕಟ್ಟಿ 1965ರಲ್ಲಿ ಶುರುವಾದ ಗುಜರಾತ್ ರಿಫೈನರಿ ಇರುವ ಜಾಗ. ವರ್ಷಕ್ಕೆ 1 ಕೋಟಿ 37 ಲಕ್ಷ ಟನ್ ಕಚ್ಚಾತೈಲ ಅರಗಿಸುವ ಹೊಟ್ಟೆ ಅದರದ್ದು. ಟೌನ್‌ಶಿಪ್ಪಿನ ಕ್ವಾರ್ಟರ್ಸುಗಳಲ್ಲಿ ದೇಶದ ಎಲ್ಲ ಮೂಲೆಯವರ ಜೊತೆ ಹುಬ್ಬಳ್ಳಿ, ಮಂಗಳೂರು ಕಡೆಯವರೂ ಸಿಗುತ್ತಾರೆ. ಊರ ನೆನಪಾದಾಗ ಅಜ್ಮೇರ್–ಮೈಸೂರು ರೈಲಿನ ವೇಳೆ ನೋಡುತ್ತಾರೆ.

2020ರಲ್ಲಿ ಇಡೀ ದೇಶ ಮಾಸ್ಕ್ ಹಾಕಿಕೊಂಡು ಗೊಣಗುತ್ತಿದ್ದಾಗ ಇಂಥ ಕಡೆ ಪಾಳಿ ಮಾಡುವ ಆಪರೇಟರುಗಳಿಗೆ ಮಾತ್ರ ಅದು ಹೊಸದಾಗಿರಲಿಲ್ಲ. ಮುಖಕ್ಕೆ ಏನಾದರೂ ಕಟ್ಟಿಕೊಂಡರೆ ಅವರು ಕೇಳುವ ಮೊದಲ ಪ್ರಶ್ನೆ ‘ಸೀಲ್ ಆಯ್ತಾ?’ ಎಂಬುದು. ನಾವು ಕೇಳುತ್ತಿದ್ದದ್ದು ‘ಕಲರ್ ಮ್ಯಾಚ್ ಆಯ್ತಾ?’ ಎಂದು. ನಾನು ಆ ಕಡೆ ಬಂಧುಗಳ ಮನೆಯಲ್ಲಿ ಉಳಿದು ಕಲಿತದ್ದು ಇಷ್ಟೇ: ಮಾಸ್ಕಿನ ಮುಕ್ಕಾಲು ಪಾಲು ಕಷ್ಟ ಬಟ್ಟೆಯದ್ದಲ್ಲ, ಮೂಗಿನ ಬುಡದಲ್ಲಿ ಬಿಟ್ಟ ಸಂದಿನದ್ದು. ಕನ್ನಡಕ ಮಬ್ಬಾಗುವುದು, ಮಾಸ್ಕ್ ಜಾರುವುದು, ಹಾಕಿಯೂ ಪ್ರಯೋಜನವಿಲ್ಲದಿರುವುದು, ಎಲ್ಲವೂ ಅಲ್ಲಿಂದಲೇ. ಫ್ಲೂ ಬಂದಾಗ, ದೀಪಾವಳಿ ಹೊಗೆಯಲ್ಲಿ, ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ, ಕಣದ ದೂಳಿನಲ್ಲಿ ಮಾಸ್ಕ್ ಈಗಲೂ ಬೇಕಾಗುತ್ತದೆ. ಯಶಸ್ಸಿನ ಸೂತ್ರಗಳ ಪುಸ್ತಕಗಳು ಕೋಟಿ ರೂಪಾಯಿಯ ಆಸೆ ತೋರಿಸುತ್ತವೆ. ನನ್ನ ಸೂತ್ರಗಳು ಮಬ್ಬಾಗದ ಕನ್ನಡಕವನ್ನಷ್ಟೇ ಕೊಡಬಲ್ಲವು.

1. ಎರಡೂ ಕೈ ಬಳಸಿ

ಮಾಸ್ಕಿನ ಮೇಲಂಚಿನ ತಂತಿಯನ್ನು ನಾವು ಹೆಬ್ಬೆರಳು, ತೋರುಬೆರಳಿನಿಂದ ಚಿವುಟುತ್ತೇವೆ. ತಂತಿ ಮೂಗಿನ ನೆತ್ತಿಯಲ್ಲಿ ಮೊನಚಾಗಿ, ಎರಡೂ ಬದಿಗೆ ಪುಟ್ಟ ಕಿಂಡಿಗಳು ಉಳಿಯುತ್ತವೆ. ಎರಡೂ ಕೈಗಳ ಬೆರಳುಗಳನ್ನು ಮೂಗಿನ ನಡುವೆ ಇಟ್ಟು ಕೆನ್ನೆಯ ಕಡೆಗೆ ಒತ್ತುತ್ತ ಹೋಗಬೇಕು. ಆಮೇಲೆ ಪರೀಕ್ಷೆ. ಮಾಸ್ಕಿನ ಮೇಲೆ ಎರಡೂ ಅಂಗೈ ಬೋರಲು ಹಾಕಿ ಮೆಲ್ಲಗೆ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ ತಂತಿ ಸರಿಯಾಗಿಲ್ಲ, ಕಿವಿಯ ಕಡೆ ತಾಗಿದರೆ ದಾರ ಸಡಿಲ. ಐದು ಸೆಕೆಂಡಿನ ಕೆಲಸ.

ಸಾಧಾರಣ ಸರ್ಜಿಕಲ್ ಮಾಸ್ಕು ಕೆನ್ನೆಯ ಬಳಿ ಬಾಯಿ ತೆರೆದುಕೊಂಡಿರುತ್ತದೆ. ಕಿವಿದಾರವನ್ನು ಮಾಸ್ಕಿನ ಅಂಚಿಗೆ ತಾಗುವಂತೆ ಒಂದು ಗಂಟು ಹಾಕಿ, ಉಬ್ಬಿದ ಮಡಿಕೆಯನ್ನು ಒಳಕ್ಕೆ ತುರುಕಿದರೆ ಆ ಬಾಯಿ ಮುಚ್ಚುತ್ತದೆ. ಇಲ್ಲವೇ ಅದರ ಮೇಲೊಂದು ಬಟ್ಟೆ ಮಾಸ್ಕ್ ಹಾಕಬಹುದು. 2021ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಗೊಂಬೆಗಳಿಗೆ ಮಾಸ್ಕ್ ತೊಡಿಸಿ ಕೃತಕವಾಗಿ ಕೆಮ್ಮಿಸಿ ನೋಡಿತ್ತು. ಒಂಟಿ ಮಾಸ್ಕ್ ತಡೆದದ್ದು ಹೆಚ್ಚುಕಡಿಮೆ ಅರ್ಧ ಕಣಗಳನ್ನು. ಸರ್ಜಿಕಲ್ ಮೇಲೆ ಬಟ್ಟೆ ಹಾಕಿದಾಗ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು. ಬಟ್ಟೆ ಅಲ್ಲಿ ಜರಡಿಗಿಂತ ಹೆಚ್ಚಾಗಿ ಹಗ್ಗದ ಕೆಲಸ ಮಾಡಿದೆ, ಒಳಗಿನ ಮಾಸ್ಕನ್ನು ಕೆನ್ನೆಗೆ ಒತ್ತಿಹಿಡಿದಿದೆ. ಎನ್95ರ ಮೇಲೆ ಮಾತ್ರ ಇನ್ನೊಂದು ಹಾಕಬೇಡಿ. ಅದಕ್ಕೆ ಬೇಕಾಗಿರುವುದು ಸರಿಯಾದ ಅಳತೆ, ಸಂಗಾತಿಯಲ್ಲ.

2. ಕನ್ನಡಕದ ಮೇಲೆ ಸಿಟ್ಟಾಗಬೇಡಿ

ಕನ್ನಡಕ ಮಬ್ಬಾದರೆ ಅದು ದೂರು ಹೇಳುತ್ತಿದೆ ಎಂದುಕೊಳ್ಳಿ: ‘ಸ್ವಾಮಿ, ಮೇಲೆ ಸಂದಿದೆ.’ ಬೆಚ್ಚಗಿನ ತೇವದ ಉಸಿರು ಮೂಗಿನ ಪಕ್ಕದಿಂದ ಏರಿ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಮೊದಲ ಸೂತ್ರ ಸರಿ ಮಾಡಿದರೆ ಅರ್ಧ ಕಷ್ಟ ಹೋಯಿತು. ಉಳಿದರ್ಧಕ್ಕೆ ಶಸ್ತ್ರವೈದ್ಯರ ಹಳೆಯ ಉಪಾಯವಿದೆ. ಗಾಜನ್ನು ಸಾಬೂನು ನೀರಲ್ಲಿ ತೊಳೆದು, ಕೊಡವಿ, ಒರೆಸದೆ ಆರಲು ಬಿಡುವುದು. ಸಾಬೂನಿನ ತೆಳು ಪದರದ ಮೇಲೆ ನೀರು ಹನಿಯಾಗದೆ ಹರಡಿಕೊಳ್ಳುತ್ತದೆ, ನೋಟ ತಿಳಿಯಾಗಿರುತ್ತದೆ. ಮಾಸ್ಕಿನ ಮೇಲಂಚನ್ನು ಕನ್ನಡಕದ ಕೆಳಗೆ ಸಿಕ್ಕಿಸಿ, ಕನ್ನಡಕದ ಭಾರವೇ ಅದನ್ನು ಒತ್ತಲಿ. ಆಸ್ಪತ್ರೆಗೆ ಹೋಗಿ ಗಂಟೆಗಟ್ಟಲೆ ಕೂರಬೇಕಾದರೆ ಮೇಲಂಚಿಗೆ ಚರ್ಮಕ್ಕೆ ಹಾಕುವ ಪೇಪರ್ ಟೇಪು ಅಂಟಿಸಿಕೊಳ್ಳಿ.

ಒಂದು ಮಾತು ಮಾಸ್ಕಿನ ಪರವಾಗಿ. ಆಗಸ್ಟಿನ ವಡೋದರಾದಲ್ಲಿ ಏಸಿ ಕೋಣೆಯಿಂದ ಹೊರಗೆ ಕಾಲಿಟ್ಟರೆ ಮಾಸ್ಕ್ ಇಲ್ಲದೆಯೂ ಕನ್ನಡಕ ಮಬ್ಬಾಗುತ್ತದೆ. ಆ ತಪ್ಪನ್ನು ಅದರ ತಲೆಗೆ ಕಟ್ಟಬೇಡಿ. ಮೆಟ್ಟಿಲಿಳಿಯುವ ಮುನ್ನ ಅರ್ಧ ನಿಮಿಷ ನಿಲ್ಲಿ, ಗಾಜು ಬೆಚ್ಚಗಾಗುತ್ತದೆ.

3. ಕಿವಿಯನ್ನು ಮೊಳೆ ಮಾಡಬೇಡಿ

ಕಿವಿಯ ಹಿಂಬದಿಯ ಚರ್ಮ ಎಳೆತ ತಡೆಯಲು ಹುಟ್ಟಿದ್ದಲ್ಲ. ನಾಲ್ಕು ಗಂಟೆ ದಾರ ಹೊತ್ತರೆ ಅಲ್ಲಿ ಗೆರೆ ಬೀಳುತ್ತದೆ, ಎಂಟು ಗಂಟೆಗೆ ಹುಣ್ಣಾಗುತ್ತದೆ. ಹೆಂಗಸರ ಹೇರ್‌ಬ್ಯಾಂಡಿಗೆ ಎರಡು ದೊಡ್ಡ ಗುಂಡಿ ಹೊಲಿದು ದಾರವನ್ನು ಅದಕ್ಕೆ ಸಿಕ್ಕಿಸಿದರೆ ಕಿವಿ ಪಾರು. ಗಂಡಸರು ಟೋಪಿಗೆ ಹೊಲಿಯಬಹುದು. ಜಡೆ ಇದ್ದವರು ದಾರಗಳನ್ನು ಹಿಂದೆ ತಂದು ಕ್ಲಿಪ್ಪಿನಿಂದ ಜೋಡಿಸಬಹುದು. ಜುಮುಕಿ ಹಾಕಿದವರು ಬಿಚ್ಚುವಾಗ ಅವಸರ ಮಾಡಬೇಡಿ, ದಾರದ ಜೊತೆ ಜುಮುಕಿಯೂ ಬಂದೀತು.

ಶ್ರವಣಯಂತ್ರದವರ ಕಷ್ಟವೇ ಬೇರೆ. ಕಿವಿಯ ಹಿಂದೆ ಕನ್ನಡಕದ ಕಡ್ಡಿ, ಯಂತ್ರ, ಮಾಸ್ಕಿನ ದಾರ, ಹೀಗೆ ಮೂರು ಬಾಡಿಗೆದಾರರು ಒಂದೇ ಕೋಣೆಯಲ್ಲಿ. ಮಾಸ್ಕ್ ಬಿಚ್ಚುವ ಅವಸರದಲ್ಲಿ ಸಾವಿರಾರು ರೂಪಾಯಿಯ ಯಂತ್ರ ಬಸ್‌ಸ್ಟಾಂಡಿನ ಚರಂಡಿಗೆ ಹಾರುತ್ತದೆ. ಅವರಿಗೆ ತಲೆಯ ಹಿಂದೆ ಕಟ್ಟುವ ಮಾಸ್ಕೇ ಸರಿ, ಕಿವಿಯದ್ದು ಬೇಡವೇ ಬೇಡ. ಮನೆಯ ಹಿರಿಯರಿಗೆ ಕೊಂಡುಕೊಡುವವರು ಇದೊಂದನ್ನು ನೆನಪಿಟ್ಟರೆ ಸಾಕು.

4. ಗಡ್ಡವೋ ಮಾಸ್ಕೋ, ತೀರ್ಮಾನಿಸಿ

ಉಸಿರಾಟದ ಉಪಕರಣ ತೊಡಬೇಕಾದ ಕೆಲಸಗಳಲ್ಲಿ ಗಡ್ಡ ಬೋಳಿಸುವುದು ಶಿಸ್ತಿನ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಎರಡು ದಿನದ ಕುರುಚಲು ಗಡ್ಡವೂ ರಬ್ಬರಿನ ಅಂಚನ್ನು ಚರ್ಮದಿಂದ ಎತ್ತಿ ಹಿಡಿಯುತ್ತದೆ. ಎನ್95ಕ್ಕೂ ಇದೇ ನ್ಯಾಯ. ಮೀಸೆ ಮಾಸ್ಕಿನೊಳಗೆ ಅಡಗಿದರೆ ತಕರಾರಿಲ್ಲ. ಅಂಚಿನ ಕೆಳಗೆ ಕೂದಲು ಬಂದರೆ ಸೀಲ್ ಇಲ್ಲ.

ಧರ್ಮದ ಕಾರಣಕ್ಕೆ ಬೋಳಿಸದವರ ದಾರಿಯನ್ನು 2020ರಲ್ಲಿ ಬ್ರಿಟನ್ನಿನ ಸಿಖ್ ವೈದ್ಯರು ತೋರಿಸಿದರು. ಗಡ್ಡ ಕಟ್ಟಲು ಬಳಸುವ ಬಟ್ಟೆಗೆ ಠಾಠಾ ಎನ್ನುತ್ತಾರೆ. ಅದರ ಹಾಗೆ ಎಳೆದರೆ ಹಿಗ್ಗುವ ರಬ್ಬರ್ ಹಾಳೆಯನ್ನು ಗದ್ದದ ಕೆಳಗಿಂದ ತಂದು ನೆತ್ತಿಯಲ್ಲಿ ಬಿಗಿದು, ಅದರ ಮೇಲೆ ಮಾಸ್ಕ್ ತೊಟ್ಟು ಪರೀಕ್ಷೆ ಪಾಸಾದರು. ವೈದ್ಯಕೀಯ ಪತ್ರಿಕೆಯಲ್ಲೂ ಅದು ‘ಸಿಂಗ್ ಠಾಠಾ’ ಎಂಬ ಹೆಸರಿನಲ್ಲೇ ಅಚ್ಚಾಯಿತು.

5. ಬುಕಾನಿಯಿಂದ ಕಲಿಯಿರಿ, ಬುಕಾನಿಯನ್ನೇ ನಂಬಬೇಡಿ

ಗುಜರಾತಿಗೆ ಮುಖ ಮುಚ್ಚುವುದನ್ನು ಕೊರೊನಾ ಕಲಿಸಲಿಲ್ಲ. ಅಹಮದಾಬಾದಿನ ಯಾವ ಸಿಗ್ನಲ್ಲಿನಲ್ಲಾದರೂ ನಿಂತು ನೋಡಿ. ಸ್ಕೂಟರಿನ ಹುಡುಗಿಯರು ದುಪಟ್ಟಾವನ್ನು ಮೂಗಿನ ಮೇಲಿಂದ ತಂದು, ಹಣೆ ಮುಚ್ಚಿ, ಹಿಂದೆ ಗಂಟು ಬಿಗಿದು ಕಣ್ಣೆರಡನ್ನೇ ಬಿಟ್ಟಿರುತ್ತಾರೆ. ಇದಕ್ಕೆ ಬುಕಾನಿ ಎಂದು ಹೆಸರು. ಬಿಸಿಲಿಗೆ, ದೂಳಿಗೆ, ಪರಿಚಿತರ ಕಣ್ಣಿಗೆ, ಮೂರಕ್ಕೂ ಒಂದೇ ಮದ್ದು. ಅವರ ಜಾಣತನ ಗಂಟಿನಲ್ಲಿದೆ. ಭಾರವೆಲ್ಲ ತಲೆಯ ಹಿಂಭಾಗಕ್ಕೆ, ಕಿವಿಗೆ ಗುಲಗಂಜಿಯಷ್ಟೂ ಇಲ್ಲ. ಹೆಲ್ಮೆಟ್ ತೆಗೆದರೂ ಬುಕಾನಿ ಜಾಗ ಬಿಡುವುದಿಲ್ಲ. ಕಿವಿದಾರದ ಮಾಸ್ಕನ್ನು ಹೆಲ್ಮೆಟ್ ತನ್ನ ಜೊತೆಗೇ ಕಿತ್ತುಕೊಂಡು ಬರುತ್ತದೆ. ಹೆಲ್ಮೆಟ್ ಹಾಕುವವರಿಗೆ ತಲೆಯ ಹಿಂದಿನ ಪಟ್ಟಿಯೇ ಲೇಸು ಎನ್ನುವುದಕ್ಕೆ ಬೇರೆ ಪ್ರಮಾಣ ಬೇಡ.

ಆದರೆ ಒಂದು ಪದರದ ತೆಳು ದುಪಟ್ಟಾ ದೂಳನ್ನು ತಡೆದಷ್ಟು ಸೋಂಕನ್ನು ತಡೆಯದು. 2020ರ ಏಪ್ರಿಲ್ 14ರಂದು ಪ್ರಧಾನಿ ಗಮ್ಛಾ ಸುತ್ತಿಕೊಂಡು ಟಿವಿಗೆ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಟವೆಲ್ಲಿಗೆ ಮರ್ಯಾದೆ ಬಂತು. ಅದಕ್ಕೂ ಮೊದಲೇ, ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಿಂದ ಹೋಗಿ ಆಗ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿದ್ದ ಕೆ. ವಿಜಯರಾಘವನ್ ಅವರ ಕಚೇರಿ ಮನೆಯಲ್ಲಿ ಮಾಸ್ಕ್ ಹೊಲಿಯುವ ಕೈಪಿಡಿ ಹೊರಡಿಸಿತ್ತು. ಅದು ಹೇಳಿದ್ದು ನೂರಕ್ಕೆ ನೂರು ಹತ್ತಿಯ ಬಟ್ಟೆ, ಎರಡು ಪದರ, ದಿನವೂ ಒಗೆತ. ಹಳೆಯ ಪಂಚೆ ಇದಕ್ಕೆ ಹೇಳಿ ಮಾಡಿಸಿದ್ದು. ಸಿಂಥೆಟಿಕ್ ದುಪಟ್ಟಾವನ್ನು ಬಿಸಿಲಿಗೆ ಬಿಡಿ.

6. ಬೆವರಿಗೆ ಲೆಕ್ಕ ಇಡಿ: ಒಬ್ಬರಿಗೆ ಮೂರು

ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣಾಂಶ 48 ಡಿಗ್ರಿ ತಲುಪಿತ್ತು. ಬಿಸಿಗಾಳಿಗೆಂದೇ ಯೋಜನೆ ಮಾಡಿಕೊಂಡ ನಗರ ಅದು, 2013ರಿಂದ. 2010ರ ಮೇ ತಿಂಗಳ ಬಿಸಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಬಂದ ಬುದ್ಧಿ. ಅಂಥ ಬಿಸಿಲಲ್ಲಿ ‘ಮಾಸ್ಕ್ ಹಾಕಿಕೊಂಡೇ ಇರಿ’ ಎಂದು ಏಸಿಯಲ್ಲಿ ಕೂತು ಬರೆಯುವುದು ಸುಲಭ. ಹೊರಗೆ ಬಯಲಲ್ಲಿ, ಸುತ್ತ ಯಾರೂ ಇಲ್ಲದಾಗ ಬಿಚ್ಚಿ. ಇದರಲ್ಲಿ ಪಾಪವಿಲ್ಲ. ಜನ ಸೇರುವಲ್ಲಿ, ಲಿಫ್ಟಿನಲ್ಲಿ, ಬಸ್ಸಿನಲ್ಲಿ ಹಾಕಿ.

ಬೆವರಲ್ಲಿ ನೆನೆದ ಮಾಸ್ಕ್ ಮೂಗಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ಉಸಿರು ದಾರಿ ಹುಡುಕುತ್ತ ಸಂದಿಗೆ ನುಗ್ಗುತ್ತದೆ. ಆದ್ದರಿಂದ ಚೀಲದಲ್ಲಿ ಮೂರು: ಮುಖದ ಮೇಲೊಂದು, ಒಣಗಿದ್ದೊಂದು, ಆಪತ್ತಿಗೊಂದು. ಎನ್95 ಒಗೆಯಬೇಡಿ. ಅದರ ಶಕ್ತಿ ನೇಯ್ಗೆಯಲ್ಲಿ ಅಷ್ಟಿಲ್ಲ, ಎಳೆಗಳಲ್ಲಿ ಕೂಡಿಟ್ಟ ವಿದ್ಯುದಾವೇಶದಲ್ಲಿದೆ. ಸಾಬೂನು, ಸ್ಯಾನಿಟೈಸರ್ ತಾಗಿದರೆ ಆವೇಶ ಹೋಗಿ ಬರೀ ಬಟ್ಟೆ ಉಳಿಯುತ್ತದೆ. ಐದಾರು ಕಾಗದದ ಲಕೋಟೆಗಳ ಮೇಲೆ ಸೋಮ, ಮಂಗಳ ಎಂದು ಬರೆದು ದಿನಕ್ಕೊಂದರಂತೆ ಸರದಿ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ತೇವ ಕೊಳೆಯುತ್ತದೆ. ದಾರ ಸಡಿಲವಾದ ದಿನ ಅದಕ್ಕೆ ನಿವೃತ್ತಿ.

7. ಪಚ್ಚೀಸ್ ಎಂದರೆ ಬೆರಳು ತೋರಿಸಿ

ಪರಭಾಷೆಯ ಊರಲ್ಲಿ ನಾವು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಕೇಳುತ್ತೇವೆ. ಇದು ನನಗೆ ತಿಳಿದದ್ದೇ ತುಟಿ ಮರೆಯಾದ ಮೇಲೆ. ತರಕಾರಿಯವಳು ಮಾಸ್ಕಿನೊಳಗಿಂದ ಹೇಳಿದ್ದು ‘ಪಚ್ಚೀಸ್’ ಅಥವಾ ‘ಪಚಾಸ್’. ಒಂದು ಇಪ್ಪತ್ತೈದು, ಇನ್ನೊಂದು ಐವತ್ತು. ನಾನು ಐವತ್ತು ಕೊಟ್ಟು ಬಂದೆ. ಮನೆಯಲ್ಲಿ ತೂಕ ಹಾಕಿ ನೋಡಿದ ಮೇಲೆ ಗೊತ್ತಾಯಿತು, ಅವಳು ಪ್ರಾಮಾಣಿಕಳು, ಎರಡು ಪಾಲು ತರಕಾರಿ ಹಾಕಿದ್ದಳು. ವಾರವಿಡೀ ಬದನೆಕಾಯಿ.

ದನಿ ಏರಿಸುವುದು ಪರಿಹಾರವಲ್ಲ, ಕೂಗಿದರೆ ಗದ್ದ ಆಡಿ ಮಾಸ್ಕ್ ಮೂಗಿನಿಂದ ಇಳಿಯುತ್ತದೆ. ನಿಧಾನವಾಗಿ, ಒಂದು ವಾಕ್ಯಕ್ಕೆ ಒಂದೇ ವಿಷಯ ಹೇಳಿ. ಸಂಖ್ಯೆ ಬಂದರೆ ಬೆರಳು ಎತ್ತಿ ಇಲ್ಲವೇ ಮೊಬೈಲಿನಲ್ಲಿ ಒತ್ತಿ ತೋರಿಸಿ. ಇದರಲ್ಲಿ ಗುರುಗಳು ಬೇಕಾದರೆ ಗುಜರಾತಿನ ಸ್ಥಾನಕವಾಸಿ ಜೈನ ಮುನಿಗಳನ್ನು ನೋಡಿ. ಗಾಳಿಯಲ್ಲಿನ ಜೀವಗಳಿಗೆ ಹಿಂಸೆಯಾಗಬಾರದೆಂದು ಅವರು ಬಾಯಿಗೆ ಮುಹಪತ್ತಿ ಕಟ್ಟಿಕೊಂಡೇ ಬದುಕುತ್ತಾರೆ, ಅದನ್ನು ಕಟ್ಟಿಕೊಂಡೇ ಗಂಟೆಗಟ್ಟಲೆ ಪ್ರವಚನ ಮಾಡುತ್ತಾರೆ. ಶ್ರವಣಬೆಳಗೊಳದ ದಿಗಂಬರರನ್ನೇ ನೋಡಿ ಬೆಳೆದ ನಮಗೆ ಅದು ಹೊಸ ನೋಟ. ಅವಸರವಿಲ್ಲದ ಮಾತಿಗೆ ಬಟ್ಟೆ ಅಡ್ಡ ಬರುವುದಿಲ್ಲ.

ಕಿವಿ ಕೇಳದವರ ಎದುರು ಮಾತ್ರ ಈ ಯಾವ ಉಪಾಯವೂ ನಡೆಯದು. ದೂರ ನಿಂತು, ಮಾಸ್ಕ್ ಇಳಿಸಿ, ತುಟಿ ಕಾಣುವಂತೆ ಮಾತಾಡಿ. ಇಲ್ಲವೇ ಚೀಟಿಯಲ್ಲಿ ಬರೆದುಕೊಡಿ.

8. ಚಹಾ ಬಂದಾಗ ಗದ್ದಕ್ಕೆ ಇಳಿಸಬೇಡಿ

ಮಾಸ್ಕಿನ ದೊಡ್ಡ ಶತ್ರು ಚಹಾ. ಗುಜರಾತಿನಲ್ಲಿ ಅದು ಗಂಟೆಗೊಮ್ಮೆ ಬರುತ್ತದೆ, ಜೊತೆಗೆ ಫಾಫಡಾ, ವಡೋದರಾದಲ್ಲಾದರೆ ಸೇವ್ ಉಸಳ್. ಗದ್ದಕ್ಕೆ ಇಳಿಸಿದ ಮಾಸ್ಕಿನ ಒಳಮೈ ಕತ್ತಿನ ಬೆವರು, ದೂಳು ಒರೆಸಿಕೊಂಡು ಮತ್ತೆ ತುಟಿಗೆ ಬರುತ್ತದೆ. ಹಣೆಗೇರಿಸುವವರು, ಮೊಣಕೈಗೆ ಬಳೆಯಂತೆ ತೊಡುವವರು, ಸ್ಕೂಟರಿನ ಕನ್ನಡಿಗೆ ನೇತುಹಾಕುವವರು, ಒಬ್ಬೊಬ್ಬರದ್ದು ಒಂದೊಂದು ಶೈಲಿ. ದಾರ ಹಿಡಿದು ಬಿಚ್ಚಿ, ಒಳಮೈ ಒಳಗೇ ಉಳಿಯುವಂತೆ ಮಡಚಿ, ಲಕೋಟೆಗೆ ಹಾಕಿ, ಕುಡಿದು ಮುಗಿಸಿ ಹಾಕಿಕೊಳ್ಳಿ. ಗುಟುಕಿಗೊಮ್ಮೆ ಎಳೆದು ಬಿಡುವುದಕ್ಕಿಂತ ಐದು ನಿಮಿಷ ಪೂರ್ತಿ ಬಿಚ್ಚಿ, ಜನರಿಂದ ದೂರ ನಿಂತು ಕುಡಿಯುವುದು ಮೇಲು.

ಇನ್ನು ಮಾವೋ. ಅಡಿಕೆ ಚೂರು, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಉಜ್ಜಿ ಬಾಯಿಗೆ ಒಗೆದುಕೊಳ್ಳುವ ಗುಜರಾತಿನ ದಿನಚರಿ. ಮಾವೋ ಬಾಯಲ್ಲಿದ್ದರೆ ಮಾಸ್ಕ್ ನಿಲ್ಲುವುದಿಲ್ಲ, ಮೂರು ನಿಮಿಷಕ್ಕೊಮ್ಮೆ ಉಗುಳಲು ಇಳಿಯುತ್ತದೆ. ಅದನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ದಕ್ಷಿಣ ಕನ್ನಡದ ಚಾಲಿ ಅಡಿಕೆಗೆ ಗುಜರಾತೇ ದೊಡ್ಡ ಮಾರುಕಟ್ಟೆ. ಅಂಗಡಿಯವನು ಕತ್ತರಿಸುತ್ತಿದ್ದ ಅಡಿಕೆ ಯಾವ ತೋಟದ್ದೋ, ಯಾರಿಗೆ ಗೊತ್ತು!

9. ಚರ್ಮಕ್ಕೆ ಎರಡೇ ಮಾತು

ಹಾಕುವ ಅರ್ಧ ಗಂಟೆ ಮೊದಲು ತೆಳುವಾಗಿ ಮಾಯಿಶ್ಚರೈಸರ್. ಬಿಚ್ಚಿದ ಮೇಲೆ ಬರೀ ನೀರು, ಮೇಕಪ್ಪಿಗೆ ರಜೆ.

10. ಭಯಕ್ಕೆ ಮೊದಲೇ ಕೊಳ್ಳಿ

ಸೂರತ್ ಇದನ್ನು ಎರಡು ಸಲ ಕಲಿತಿದೆ. 1994ರ ಸೆಪ್ಟೆಂಬರ್. ತಾಪಿ ನದಿಯ ನೆರೆ ಇಳಿದು, ಕೊಳೆ ಉಳಿದ ಊರಲ್ಲಿ ಪ್ಲೇಗ್ ಎಂಬ ಸುದ್ದಿ. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ರೈಲು, ಬಸ್ಸು, ಲಾರಿ ಹತ್ತಿ ಊರು ಬಿಟ್ಟರು. ಅವರಲ್ಲಿ ಎಷ್ಟೋ ಜನ ಜವಳಿ, ವಜ್ರದ ಕೆಲಸಕ್ಕೆಂದು ಹೊರಗಿನಿಂದ ಬಂದವರು. ಉಳಿದವರು ಮೂಗಿಗೆ ಕರ್ಚೀಫ್ ಕಟ್ಟಿಕೊಂಡರು. ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಮಾಯವಾಯಿತು. ಐವತ್ತಕ್ಕೂ ಹೆಚ್ಚು ಸಾವು. ಮುಂದಿನ ವರ್ಷ ಕಮಿಷನರ್ ಆಗಿ ಬಂದ ಎಸ್.ಆರ್. ರಾವ್ ಊರನ್ನು ಉಜ್ಜಿ ತೊಳೆಸಿ ದೇಶದ ಸ್ವಚ್ಛ ನಗರಗಳ ಸಾಲಿಗೆ ತಂದದ್ದು ಬೇರೆಯೇ ಕಥೆ.

2020ರ ಮಾರ್ಚಿನಲ್ಲಿ ಅದೇ ನಾಟಕದ ಎರಡನೇ ಪ್ರದರ್ಶನ. ದರ ಏರಿದ ರೀತಿಗೆ ಕೇಂದ್ರ ಸರ್ಕಾರ ಮಾಸ್ಕನ್ನು ಅಕ್ಕಿ–ಬೇಳೆಯಂತೆ ಅಗತ್ಯ ವಸ್ತುಗಳ ಕಾಯ್ದೆಯಡಿ ತಂದು, ಮೂರು ಪದರದ್ದಕ್ಕೆ 10 ರೂಪಾಯಿ ಮಿತಿ ಹಾಕಬೇಕಾಯಿತು. ಆಗಸ್ಟಿನ ಹೊತ್ತಿಗೆ ಗುಜರಾತಿನ ಅಮೂಲ್ ಪಾರ್ಲರುಗಳಲ್ಲಿ ಬೆಣ್ಣೆ, ಐಸ್‌ಕ್ರೀಮಿನ ಪಕ್ಕದಲ್ಲೇ ಎರಡು ರೂಪಾಯಿಗೆ ಮಾಸ್ಕ್ ಸಿಗುವಂತಾಯಿತು. ಅದೇ ಬೇಸಿಗೆ ಕಳೆದು ಜುಲೈಯಲ್ಲಿ ಸೂರತ್ತಿನ ಒಂದು ಒಡವೆ ಅಂಗಡಿ ವಜ್ರ ಕೂರಿಸಿದ ಮಾಸ್ಕ್ ಮಾರಾಟಕ್ಕಿಟ್ಟಿತು, ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ. ಮದುಮಕ್ಕಳಿಗಂತೆ. ವಜ್ರ ಕೂರಿಸಲು ಸೂಜಿ ಚುಚ್ಚಿದ ತೂತುಗಳ ಲೆಕ್ಕ ಯಾರು ಇಟ್ಟರೋ.

ಕೊಳ್ಳುವಾಗ ಮುದ್ರೆ ನೋಡಿ. ಎನ್95 ತರಗತಿಯದ್ದಕ್ಕೆ ಭಾರತದ ಮಾನದಂಡ ಐಎಸ್ 9473, ಸರ್ಜಿಕಲ್ಲಿಗೆ ಐಎಸ್ 16289. ಮುಂದೆ ಪ್ಲಾಸ್ಟಿಕ್ ವಾಲ್ವ್ ಇರುವುದು ದೂಳಿನ ಕೆಲಸಕ್ಕೆ ಸರಿ. ಅದು ನಿಮ್ಮ ಉಸಿರನ್ನು ಸೋಸದೆ ಹೊರಬಿಡುವುದರಿಂದ ಕೆಮ್ಮು ಇದ್ದವರಿಗೆ ಸಲ್ಲದು. ಆರೋಗ್ಯ ಸಚಿವಾಲಯ 2020ರ ಜುಲೈಯಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಹತ್ತಿಪ್ಪತ್ತು ಮಾಸ್ಕ್ ಮನೆಯ ಔಷಧಿ ಡಬ್ಬದಲ್ಲಿ ಸದಾ ಇರಲಿ. ಅಷ್ಟೇ ಸಾಕು, ಗೋದಾಮು ಬೇಡ.

11. ದಂಡಕ್ಕೆ ಹೆದರಿ ಹಾಕಬೇಡಿ

ದಂಡ ಎಷ್ಟು ಕೆಲಸ ಮಾಡಿತು ಎಂಬ ಬಗ್ಗೆ ನನಗೆ ಅನುಮಾನವಿದೆ. ಗುಜರಾತಿನಲ್ಲಿ 200 ಇದ್ದದ್ದು 500 ಆಗಿ, 2020ರ ಆಗಸ್ಟ್ 11ರಿಂದ 1,000 ಆಯಿತು. ಡಿಸೆಂಬರ್ 2ರಂದು ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಸ್ಕ್ ಹಾಕದವರನ್ನು ಕೋವಿಡ್ ಕೇಂದ್ರಗಳಲ್ಲಿ ಸೇವೆಗೆ ಹಚ್ಚಿ ಎಂದಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆ. ನಮ್ಮ ಬೆಂಗಳೂರಿನಲ್ಲೂ ಆ ಅಕ್ಟೋಬರಿನಲ್ಲಿ 1,000 ಎಂದು ಸಾರಿ, ಗಲಾಟೆಯಾಗಿ, ವಾರದೊಳಗೆ 250ಕ್ಕೆ ಇಳಿಸಿದರು. ಮಾರ್ಷಲ್‌ಗಳನ್ನು ಕಂಡೊಡನೆ ಗದ್ದದಿಂದ ಮೂಗಿಗೆ ಏರುತ್ತಿದ್ದ ಮಾಸ್ಕುಗಳನ್ನು ನೆನಪಿಸಿಕೊಳ್ಳಿ. ಅವೆಲ್ಲ ದಂಡದಿಂದ ರಕ್ಷಿಸಿದವು, ಅದರ ಆಚೆಗೆ ಯಾವುದರಿಂದಲೂ ಅಲ್ಲ.

ಮುಖಕ್ಕೆ ಒಪ್ಪದ ಮಾಸ್ಕನ್ನು ಯಾವ ಕಾನೂನೂ ಮೂಗಿನ ಮೇಲೆ ನಿಲ್ಲಿಸಲಾರದು. ಕಣದಲ್ಲಿ ಎತ್ತಿಗೆ ಕಟ್ಟುವ ಬಾಯಿಕುಕ್ಕೆಯನ್ನೂ ರೈತ ಮೂತಿಯ ಅಳತೆ ನೋಡಿಯೇ ಹೆಣೆಯುತ್ತಾನೆ. ನಾವು ಮಾತ್ರ ಮನೆಮಂದಿಗೆಲ್ಲ ಒಂದೇ ಪ್ಯಾಕೆಟ್ ತರುತ್ತೇವೆ. ಅಜ್ಜಿಗೆ, ಹತ್ತು ವರ್ಷದ ಮೊಮ್ಮಗನಿಗೆ, ದಪ್ಪ ಕೆನ್ನೆಯ ಅಳಿಯನಿಗೆ ಬೇರೆ ಬೇರೆ ಅಳತೆ ತನ್ನಿ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕಡ್ಡಾಯ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

12. ಗಾಳಿಚೀಲ ನೋಡಿ

ಇದು ಕೊಯಾಲಿಯ ಸೂತ್ರ. ಕೈಗಾ, ಎಂಆರ್‌ಪಿಎಲ್, ಬಳ್ಳಾರಿಯ ಉಕ್ಕಿನ ಕಾರ್ಖಾನೆ, ಪೀಣ್ಯದ ಕೆಮಿಕಲ್ ಶೆಡ್ಡು, ಯಾವುದರ ನೆರೆಯವರಾದರೂ ಓದಿಕೊಳ್ಳಿ.

ಕೊರೊನಾ ನಮ್ಮಲ್ಲಿ ಒಂದು ತಪ್ಪು ಧೈರ್ಯ ಬಿಟ್ಟುಹೋಗಿದೆ. ವಾಸನೆ ಬಂದರೆ ಮಾಸ್ಕ್ ಏರಿಸಿದರಾಯಿತು ಎಂಬುದು. ಎನ್95 ಕಣಗಳನ್ನು ಹಿಡಿಯುತ್ತದೆ, ಅನಿಲವನ್ನು ಹಿಡಿಯುವುದಿಲ್ಲ. ನೂರಕ್ಕೆ ತೊಂಬತ್ತೈದು ಎಂಬ ಆ ಹೆಸರಿನ ಸಂಖ್ಯೆ ಕಣಗಳದ್ದು ಮಾತ್ರ. ರಿಫೈನರಿಯ ಜನ ಅತಿ ಹೆಚ್ಚು ಹೆದರುವ ಹೈಡ್ರೋಜನ್ ಸಲ್ಫೈಡನ್ನೇ ತೆಗೆದುಕೊಳ್ಳಿ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷದಲ್ಲಿ ನೂರು ಭಾಗದ ಆಸುಪಾಸು ತಲುಪಿದರೆ ಅದು ಮೂಗನ್ನೇ ಮರಗಟ್ಟಿಸುತ್ತದೆ. ನಾತ ನಿಂತಿತು ಎಂದು ನಿಟ್ಟುಸಿರು ಬಿಡುವವನು ಆಗಲೇ ಅಪಾಯದ ನಡುವೆ ನಿಂತಿರುತ್ತಾನೆ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ, ಚರಂಡಿಯಲ್ಲಿ ಮಡುಗಟ್ಟುತ್ತದೆ. ಅದಕ್ಕೇ ಒಳಗೆ ಕೆಲಸ ಮಾಡುವವರ ಎದೆಯ ಮೇಲೆ ಪುಟ್ಟ ಅನಿಲಮಾಪಕ, ಅಪಾಯದ ಕೆಲಸಕ್ಕೆ ಬೆನ್ನಿಗೆ ಗಾಳಿಯ ಸಿಲಿಂಡರು.

2024ರ ನವೆಂಬರ್ 11ರ ಮಧ್ಯಾಹ್ನ ಕೊಯಾಲಿಯ ರಿಫೈನರಿಯ ಬೆನ್ಜೀನ್ ಟ್ಯಾಂಕಿಗೆ ಬೆಂಕಿ ಬಿದ್ದು ಇಬ್ಬರು ತೀರಿಕೊಂಡರು. ಕಪ್ಪು ಹೊಗೆ ಬಹು ದೂರಕ್ಕೆ ಕಾಣುತ್ತಿತ್ತು. ಅಂಥ ಹೊಗೆಯ ಮಸಿಯನ್ನು ಒಳ್ಳೆಯ ಮಾಸ್ಕ್ ತಕ್ಕಮಟ್ಟಿಗೆ ತಡೆದೀತು, ಆವಿಯನ್ನು ತಡೆಯದು. ಇದ್ದಲಿನ ಪದರವಿದೆ ಎಂದು ಮಾರುವ ಮಾಸ್ಕುಗಳು ನಾತವನ್ನು ಸ್ವಲ್ಪ ಕಡಿಮೆ ಮಾಡುತ್ತವೆ, ಅಪಾಯವನ್ನಲ್ಲ. ನಾತ ತಗ್ಗಿದ್ದರಿಂದ ಅಲ್ಲೇ ನಿಲ್ಲುವ ಮನಸ್ಸಾಗುತ್ತದಲ್ಲ, ಅದು ಇನ್ನೂ ಕೆಟ್ಟದ್ದು.

ಹಾಗಾದರೆ ಮಾಡುವುದೇನು? ಇಂಥ ಕಾರ್ಖಾನೆಗಳ ಎತ್ತರದ ಕಂಬಗಳಲ್ಲಿ ಕೇಸರಿ–ಬಿಳಿ ಪಟ್ಟೆಯ ಗಾಳಿಚೀಲ ಹಾರುತ್ತಿರುತ್ತದೆ. ಸೈರನ್ ಕೇಳಿದರೆ ಮೊದಲು ಕತ್ತೆತ್ತಿ ಅದನ್ನು ನೋಡಿ. ಅದರ ಬಾಲ ತೋರಿಸುವ ಕಡೆಗೆ ಓಡಬೇಡಿ, ಅನಿಲವೂ ಆ ಕಡೆಗೇ ಬರುತ್ತಿರುತ್ತದೆ. ಗಾಳಿಗೆ ಅಡ್ಡಲಾಗಿ ನಡೆದು ಅನಿಲದ ದಾರಿಯಿಂದ ಹೊರಬನ್ನಿ. ಚೀಲ ಕಾಣದಿದ್ದರೆ ಮರದ ಎಲೆ, ಒಣಹಾಕಿದ ಸೀರೆ, ಏನಾದರೂ ದಿಕ್ಕು ಹೇಳುತ್ತದೆ. ಹೊರಡಲು ಹೊತ್ತಿಲ್ಲದಿದ್ದರೆ ಮನೆಯೊಳಗೆ ಹೋಗಿ ಬಾಗಿಲು, ಕಿಟಕಿ ಮುಚ್ಚಿ, ಏಸಿ, ಎಗ್ಸಾಸ್ಟ್ ಫ್ಯಾನ್ ನಿಲ್ಲಿಸಿ. ಅಮೋನಿಯಾ, ಕ್ಲೋರಿನ್ ನೀರಿನಲ್ಲಿ ಕರಗುವ ಜಾತಿಯವು, ಅವಕ್ಕೆ ಒದ್ದೆ ಬಟ್ಟೆ ಸ್ವಲ್ಪ ಹೊತ್ತಿನ ದಾರಿ ಕೊಟ್ಟೀತು. ಆ ಹೊತ್ತು ನಡೆಯುವುದಕ್ಕೆ, ವಿಡಿಯೋ ಮಾಡುವುದಕ್ಕಲ್ಲ.

13. ಬಿಸಾಡುವ ಮುನ್ನ ದಾರ ಕತ್ತರಿಸಿ

ಸರ್ಜಿಕಲ್ ಮಾಸ್ಕನ್ನು ಬಟ್ಟೆ ಎಂದುಕೊಂಡಿದ್ದೇವೆ. ಅದು ಪಾಲಿಪ್ರೊಪಿಲೀನ್, ಎಂದರೆ ಕಚ್ಚಾತೈಲದ ಮೊಮ್ಮಗ. ಕೊಯಾಲಿಯ ಪಕ್ಕದಲ್ಲೇ, ಹಿಂದೆ ಐಪಿಸಿಎಲ್ ಎಂದಿದ್ದ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲೂ ಆ ಪ್ಲಾಸ್ಟಿಕ್ ತಯಾರಾಗುತ್ತಿತ್ತು. ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ. ಮನೆಗಳಲ್ಲಿ ಬಳಸಿದ್ದನ್ನು ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು, ಕತ್ತರಿಸಿ, ಒಣಕಸಕ್ಕೆ ಹಾಕಿ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೊರೊನಾ ಕಾಲದಲ್ಲೇ ಹೇಳಿತ್ತು. ಕತ್ತರಿಸಿದ್ದನ್ನು ಯಾರೂ ಒಗೆದು ಮತ್ತೆ ಮಾರಲಾರರು.

ದಾರ ಕತ್ತರಿಸಲು ಇನ್ನೊಂದು ಕಾರಣ ಗುಜರಾತಿನವರಿಗೆ ವಿವರಿಸಿ ಹೇಳಬೇಕಿಲ್ಲ. ಜನವರಿ 14ರ ಉತ್ತರಾಯಣದಲ್ಲಿ ಆಕಾಶ ತುಂಬ ಗಾಳಿಪಟ. ಮರುದಿನ ಮರಗಳ ತುಂಬ ಮಾಂಜಾ. ಕರುಣಾ ಅಭಿಯಾನದ ಹುಡುಗರು ಏಣಿ ಹಿಡಿದು ಕೊಂಬೆಗಳಿಂದ ದಾರ ಬಿಡಿಸುತ್ತ, ರೆಕ್ಕೆ ಕುಯ್ದುಕೊಂಡ ಪಾರಿವಾಳ, ಕೊಕ್ಕರೆಗಳನ್ನು ರಟ್ಟಿನ ಡಬ್ಬದಲ್ಲಿ ಒಯ್ಯುತ್ತಾರೆ. ಬಿಸಾಡಿದ ಮಾಸ್ಕಿನ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವುದೂ ಹಾಗೆಯೇ: ಒಬ್ಬರು ರೆಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಒಂದೊಂದೇ ಎಳೆ ತುಂಡರಿಸಬೇಕು.